ನಡುಪಟ್ಟಿಯ ಬಣ್ಣವೂ ಗುಣದ ಅಳತೆಯೂ

ಪದವಿಯನ್ನು ಮುಗಿಸಿ ಎರಡು ವರ್ಷಗಳಾಗಿದ್ದ ನಮ್ಮ ಹಳೆಯ ವಿದ್ಯಾರ್ಥಿಯೊಬ್ಬನು ಒಂದು ದಿನ ಕಾಲೇಜಿನ ಪ್ರಯೋಗಶಾಲೆಗೆ ಬಂದನು. ರಾಯಬಾಗದ ಕಡೆಯ ಹುಡುಗ. ತಂದೆಗೆ ಮೂರು ಎಕರೆ ಕಬ್ಬು. ಕಾಗಲದ ಕೈಗಾರಿಕಾ ವಸಾಹತಿನಲ್ಲಿ ಕೆಲಸ ಹುಡುಕುತ್ತಿದ್ದನು. ಕೈಯಲ್ಲಿ ಬಣ್ಣದ ಅಂಚಿನ ಒಂದು ಪ್ರಮಾಣಪತ್ರವಿತ್ತು. 'ಸಿಕ್ಸ್ ಸಿಗ್ಮಾ ಯೆಲ್ಲೋ ಬೆಲ್ಟ್' ಎಂದು ಅದರ ಮೇಲೆ ಮುದ್ರಿತವಾಗಿತ್ತು. ಎರಡು ಸಂಜೆ ಪಾಠ ಕೇಳಿ, ಇಪ್ಪತ್ತು ಪ್ರಶ್ನೆಗಳಿಗೆ ಗುರುತು ಹಾಕಿ, ನಾಲ್ಕು ಸಾವಿರ ರೂಪಾಯಿ ಕೊಟ್ಟು ಅದನ್ನು ಪಡೆದಿದ್ದನಂತೆ. ಹದಿನೆಂಟು ಸಾವಿರ ಕೊಟ್ಟರೆ ಅದೇ ಸಂಸ್ಥೆಯವರು ಒಂದು ವಾರದಲ್ಲಿ 'ಬ್ಲ್ಯಾಕ್ ಬೆಲ್ಟ್' ಕೊಡುವರೆಂದೂ, ಅಪ್ಪನ ಕಬ್ಬಿನ ಬಿಲ್ಲು ಬಂದೊಡನೆ ಹಣ ಕಟ್ಟುವೆನೆಂದೂ ಹೇಳಿದನು.

"ಒಳ್ಳೆಯದಪ್ಪ, ಸಿಗ್ಮಾ ಎಂದರೇನು?" ಎಂದು ಕೇಳಿದೆವು.

"ಅದು ಕಂಪನಿ ಹೆಸರಲ್ಲೇನ್ರಿ, ಸರ್?" ಎಂದನು.

ನಗು ಬಂದಿತು. ಆದರೆ ತಪ್ಪು ಹುಡುಗನದಲ್ಲ. ಅವನ ಪತ್ರದ ಮೇಲೆ ಎರಡು ಅಂಗುಲದಷ್ಟು ದೊಡ್ಡದಾಗಿ ಅಚ್ಚಾಗಿದ್ದ ಗ್ರೀಕ್ ಅಕ್ಷರವು ಯಾವುದರ ಅಳತೆಯೆಂಬುದನ್ನು ಯಾರೂ ಅವನಿಗೆ ಹೇಳಿರಲಿಲ್ಲ. ಇಂತಹ ಪತ್ರಗಳ ಹೆಸರು ಈಗ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡಗಳ ಕಾಲೇಜುಗಳಲ್ಲಿಯೂ ಕೇಳಿಬರುತ್ತಿದೆ. ಆದುದರಿಂದ ಈ ನಡುಪಟ್ಟಿಗಳ ವಿದ್ಯೆ ಯಾವುದು, ಅದರಲ್ಲಿ ಮೆಟ್ಟಿಲುಗಳು ಏಕೆ, ಪ್ರಮಾಣಪತ್ರಕ್ಕೆ ಬೆಲೆ ಎಲ್ಲಿಂದ ಬರುತ್ತದೆ ಎಂಬುದನ್ನು ಸ್ವಲ್ಪ ವಿವರವಾಗಿ ನೋಡೋಣ.

ಆ ದಿನ ಹುಡುಗನಿಗೆ ಉತ್ತರವನ್ನು ನಾವು ಬಾಯಿಂದ ಹೇಳಲಿಲ್ಲ. ಗೋಡೆಯಲ್ಲಿ ತೂಗುಹಾಕಿದ್ದ ಲೋಲಕವನ್ನು ತೋರಿಸಿದೆವು. ಒಂದು ಮೀಟರ್ ಉದ್ದದ ಸರಳ ಲೋಲಕವು ಇಪ್ಪತ್ತು ಸಲ ತೂಗಾಡಲು ಸುಮಾರು 40.1 ಸೆಕೆಂಡು ಬೇಕೆಂಬುದು ಭೌತಶಾಸ್ತ್ರದ ವಿದ್ಯಾರ್ಥಿಗಳಿಗೆಲ್ಲ ತಿಳಿದದ್ದೆ. ಪ್ರತಿವರ್ಷವೂ ಮೂವತ್ತು ಮಂದಿ ವಿದ್ಯಾರ್ಥಿಗಳು ಇದನ್ನು ಅಳೆಯುತ್ತಾರೆ. ಪ್ರತಿವರ್ಷವೂ ಮೂವತ್ತು ಬೇರೆ ಬೇರೆ ಉತ್ತರಗಳು ಬರುತ್ತವೆ. ಒಬ್ಬನದು 39.9, ಒಬ್ಬಳದು 40.3, ಮತ್ತೊಬ್ಬನದು 40.0. ಲೋಲಕ ಒಂದೇ, ಭೂಮಿಯ ಸೆಳೆತ ಒಂದೇ; ಆದರೂ ಬೆರಳು ಗಡಿಯಾರದ ಗುಂಡಿಯನ್ನು ಒತ್ತುವ ಕ್ಷಣ ಒಂದೇ ಆಗಿರುವುದಿಲ್ಲ. ಈ ಉತ್ತರಗಳು ತಮ್ಮ ಸರಾಸರಿಯ ಸುತ್ತ ಎಷ್ಟು ದೂರಕ್ಕೆ ಚದರಿವೆ ಎಂಬುದರ ಅಳತೆಗೆ ಮಾನಕ ವಿಚಲನೆ ಎಂದು ಹೆಸರು. ಅದರ ಚಿಹ್ನೆಯೇ ಸಿಗ್ಮಾ. ಚದರಿಕೆಯು ಕೇವಲ ಆಕಸ್ಮಿಕವಾದದ್ದಾಗಿ, ಗಂಟೆಯ ಆಕಾರದ ರೇಖೆಯನ್ನು ಅನುಸರಿಸಿದರೆ, ಸರಾಸರಿಯಿಂದ ಒಂದು ಸಿಗ್ಮಾ ಅಂತರದೊಳಗೆ ನೂರಕ್ಕೆ 68, ಎರಡು ಸಿಗ್ಮಾಗಳೊಳಗೆ 95, ಮೂರು ಸಿಗ್ಮಾಗಳೊಳಗೆ 99.73ರಷ್ಟು ಅಳತೆಗಳು ಬೀಳುತ್ತವೆ.

ಹಿಂದೊಮ್ಮೆ ಇದೇ ಪ್ರಯೋಗದಲ್ಲಿ ಒಂದು ಸ್ವಾರಸ್ಯ ನಡೆಯಿತು. ಒಂದು ಮೇಜಿನವರ ಉತ್ತರಗಳೆಲ್ಲ 40.6ರ ಸುತ್ತಲೇ ಕೂಡಿದವು. ಅವರಲ್ಲಿ ಮೂವರು ಪುಸ್ತಕದ ಉತ್ತರಕ್ಕೆ ಹೆದರಿ ತಮ್ಮ ಅಂಕಿಯನ್ನು ಅಳಿಸಿ 40.1 ಎಂದು ಬರೆದುಕೊಟ್ಟರು! ಉಳಿದವರು ಮಾತ್ರ ಕಂಡದ್ದನ್ನೇ ಬರೆದಿದ್ದರು. ನೋಡಿದರೆ ಆ ಮೇಜಿನ ಗಡಿಯಾರವೇ ವೇಗವಾಗಿ ಓಡುತ್ತಿತ್ತು. ಎಲ್ಲರೂ ಅಳಿಸಿ ಬರೆದಿದ್ದರೆ ಆ ಗಡಿಯಾರ ಇಂದಿಗೂ ಅಲ್ಲಿಯೇ ಇರುತ್ತಿತ್ತು.

ಬೆರಳಿನ ನಡುಕದಿಂದ ಬರುವ ಏರುಪೇರು ಒಂದು ಬಗೆ. ಕೆಟ್ಟ ಗಡಿಯಾರದಿಂದ ಬರುವುದು ಇನ್ನೊಂದು ಬಗೆ. ಮೊದಲನೆಯದು ವ್ಯವಸ್ಥೆಯಲ್ಲಿಯೇ ಬೆರೆತಿರುವಂಥದು. ಎರಡನೆಯದಕ್ಕೆ ಹುಡುಕಿದರೆ ಸಿಗುವ ಒಂದು ಕಾರಣವುಂಟು. ಈ ಭೇದವನ್ನು ಕಾರ್ಖಾನೆಯ ಕೆಲಸಕ್ಕೆ ಮೊದಲು ಅನ್ವಯಿಸಿದವನು ಅಮೆರಿಕದ ವಾಲ್ಟರ್ ಶೂಹಾರ್ಟ್. ಈತನೂ ಭೌತಶಾಸ್ತ್ರವನ್ನೇ ಓದಿದವನು. 1924ರ ಮೇ ತಿಂಗಳಲ್ಲಿ, ದೂರವಾಣಿಯ ಉಪಕರಣಗಳನ್ನು ತಯಾರಿಸುವ ಕಂಪನಿಯಲ್ಲಿದ್ದಾಗ, ಒಂದೇ ಪುಟದ ಟಿಪ್ಪಣಿಯಲ್ಲಿ ಒಂದು ನಕ್ಷೆಯನ್ನು ಬರೆದು ಮೇಲಧಿಕಾರಿಗೆ ಕೊಟ್ಟನು. ನಡುವೆ ಸರಾಸರಿಯ ಗೆರೆ. ಮೇಲೆ ಕೆಳಗೆ ಎರಡು ಮೇರೆಗಳು. ದಿನದಿನದ ಅಳತೆಗಳು ಚುಕ್ಕೆಗಳಾಗಿ ಸಾಗುತ್ತವೆ. ಚುಕ್ಕೆ ಮೇರೆಯೊಳಗಿದ್ದರೆ ಯಂತ್ರವನ್ನು ಮುಟ್ಟಬೇಡ. ಹೊರಕ್ಕೆ ಬಿದ್ದರೆ ಕಾರಣವನ್ನು ಹುಡುಕು. ನಿಯಂತ್ರಣ ನಕ್ಷೆಯೆಂದು ಪ್ರಸಿದ್ಧವಾದ ಇದು ಇಂದಿಗೂ ಗುಣಶಾಸ್ತ್ರದ ಓನಾಮ.

'ಗುಣವನ್ನು ಕಾಯಲು ಇಷ್ಟೆಲ್ಲ ಏಕೆ? ತಯಾರಾದ ಮಾಲಿನಲ್ಲಿ ಕೆಟ್ಟದ್ದನ್ನು ಆರಿಸಿ ಎಸೆದರೆ ಸಾಲದೆ?' ಎಂದು ಓದುಗರು ಕೇಳಬಹುದು. ಇದಕ್ಕೆ ಉತ್ತರವನ್ನು ನಿಪ್ಪಾಣಿಯಲ್ಲಿ ಕಾಣಬಹುದು. ಬೀಡಿ ಕಟ್ಟುವ ಹೆಣ್ಣುಮಕ್ಕಳು ಎಲೆಯನ್ನೂ ತಂಬಾಕನ್ನೂ ತಂದು, ಸುತ್ತಿ, ಸಾವಿರದ ಲೆಕ್ಕದಲ್ಲಿ ಒಪ್ಪಿಸುವುದು ವಾಡಿಕೆ. ಒಪ್ಪಿಸುವಾಗ ಒಬ್ಬನು ಕಟ್ಟುಗಳನ್ನು ನೋಡಿ, ಚೆನ್ನಾಗಿಲ್ಲವೆಂದು ತೋರಿದ ಬೀಡಿಗಳನ್ನು ತೆಗೆದುಹಾಕುತ್ತಾನೆ, ತೆಗೆದುಹಾಕಿದ್ದಕ್ಕೆ ಕೂಲಿಯಿಲ್ಲ. ತಂಬಾಕು ಆರೋಗ್ಯಕ್ಕೆ ಮಾಡುವ ಕೇಡಿನ ಮಾತನ್ನು ಇಲ್ಲಿ ಬಿಟ್ಟು, ಕೆಲಸದ ರೀತಿಯನ್ನಷ್ಟೇ ನೋಡೋಣ. ಕೊಟ್ಟ ಎಲೆಯೇ ಒಣಗಿ ಹರಿಯುವಂತಿದ್ದರೆ ಕೆಟ್ಟ ಬೀಡಿಗೆ ಕಾರಣ ಎಲೆಯೇ ಹೊರತು ಕೈಯಲ್ಲ. ಕೊನೆಯಲ್ಲಿ ಆರಿಸಿ ಎಸೆಯುವ ಪದ್ಧತಿಯು ಈ ಕಾರಣವನ್ನು ಎಂದಿಗೂ ಕಾಣಿಸದು. ನಷ್ಟ ಕಡಿಮೆಯಾಗುವುದಿಲ್ಲ, ಒಬ್ಬರ ಹೆಗಲಿನಿಂದ ಇನ್ನೊಬ್ಬರ ಹೆಗಲಿಗೆ ದಾಟುತ್ತದೆ, ಅಷ್ಟೆ. ಪ್ರಕ್ರಿಯೆಯ ಸುಧಾರಣೆ ಎಂಬ ಮಾತಿನ ತಿರುಳು ಇಲ್ಲಿದೆ: ಕೊನೆಯ ಬಾಗಿಲಲ್ಲಿ ನಿಂತು ಕಾಯುವ ಬದಲು, ದೋಷ ಹುಟ್ಟುವ ಸ್ಥಳಕ್ಕೆ ಹೋಗಿ ನೋಡುವುದು.

ಇನ್ನು 'ಆರು ಸಿಗ್ಮಾ' ಎಂಬ ಹೆಸರಿಗೆ ಬರೋಣ. ನಮ್ಮ ಸೀಮೆಗೆ ಒಗ್ಗುವ ಒಂದು ಉದಾಹರಣೆಯನ್ನು ತೆಗೆದುಕೊಳ್ಳೋಣ, ಅಂಕಿಗಳು ಊಹೆಯವು. ಸಕ್ಕರೆ ಕಾರ್ಖಾನೆಯೊಂದು ದಿನಕ್ಕೆ 50 ಕಿಲೋಗ್ರಾಮಿನ 10,000 ಚೀಲಗಳನ್ನು ತುಂಬುತ್ತದೆ. ತೂಕವು 300 ಗ್ರಾಮಿಗಿಂತ ಹೆಚ್ಚಾಗಿ ಅತ್ತಿತ್ತ ಆಗಬಾರದೆಂದು ನಿಯಮ. ತುಂಬುವ ಯಂತ್ರದ ಸಿಗ್ಮಾ 100 ಗ್ರಾಮಾಗಿದ್ದರೆ ನಿಯಮದ ಮೇರೆಯು ಮೂರು ಸಿಗ್ಮಾ ದೂರದಲ್ಲಿದೆ. ದಿನಕ್ಕೆ 27 ಚೀಲಗಳು ಮೇರೆ ಮೀರುತ್ತವೆ. ಯಂತ್ರವನ್ನು ಸರಿಪಡಿಸಿ ಸಿಗ್ಮಾವನ್ನು 50 ಗ್ರಾಮಿಗೆ ಇಳಿಸಿದರೆ ಅದೇ ಮೇರೆಯು ಆರು ಸಿಗ್ಮಾ ದೂರಕ್ಕೆ ಹೋಯಿತು. ಆಗ ತಪ್ಪು ಬರುವುದು ನೂರು ಕೋಟಿಗೆ ಎರಡು. ಎಂದರೆ ಈ ಕಾರ್ಖಾನೆಯಲ್ಲಿ ಸುಮಾರು 137 ವರ್ಷಕ್ಕೆ ಒಂದು ಚೀಲ! ಸಿಗ್ಮಾ ಅರ್ಧಕ್ಕಿಳಿದರೆ ತಪ್ಪು ಅರ್ಧಕ್ಕಿಳಿಯುವುದೆಂದು ಎಣಿಸುವವರು ಈ ಲೆಕ್ಕವನ್ನು ಎರಡು ಸಲ ನೋಡಬೇಕು.

ಆದರೆ ಪುಸ್ತಕಗಳಲ್ಲಿ ಆರು ಸಿಗ್ಮಾ ಎಂದರೆ ಹತ್ತು ಲಕ್ಷಕ್ಕೆ 3.4 ತಪ್ಪು ಎಂದು ಬರೆದಿರುತ್ತದೆ. ಈ ಅಂಕಿ ಎಲ್ಲಿಂದ ಬಂತು? ದೀರ್ಘಕಾಲದಲ್ಲಿ ಯಾವ ಯಂತ್ರದ ಸರಾಸರಿಯೂ ನಿಂತಲ್ಲಿ ನಿಲ್ಲುವುದಿಲ್ಲ. ತಕ್ಕಡಿಯ ಮೇಲೆ ಸಕ್ಕರೆಯ ಧೂಳು ಕೂರುತ್ತದೆ, ಪಾಳಿ ಬದಲಾಗುತ್ತದೆ, ಹವೆ ಬದಲಾಗುತ್ತದೆ. ಸರಾಸರಿಯು ಒಂದೂವರೆ ಸಿಗ್ಮಾದಷ್ಟು ಸರಿಯಬಹುದೆಂದು ಮುಂಚಿತವಾಗಿಯೇ ಲೆಕ್ಕ ಹಿಡಿದರೆ 3.4 ಬರುತ್ತದೆ. ನಮ್ಮ ಕಾರ್ಖಾನೆಯಲ್ಲಿ ಇದು ತಿಂಗಳಿಗೊಂದು ಚೀಲವಾಯಿತು. ಅದೇ ಸರಿತವನ್ನು ಮೂರು ಸಿಗ್ಮಾದ ಯಂತ್ರಕ್ಕೆ ಹಿಡಿದರೆ ದಿನಕ್ಕೆ 27 ಅಲ್ಲ, 668 ಚೀಲಗಳು! ಈ ಒಂದೂವರೆ ಎಂಬುದು ಪ್ರಕೃತಿಯ ನಿಯಮವಲ್ಲ, ಎಂಜಿನಿಯರುಗಳ ಅನುಭವದ ಊಹೆ. ಸಂಖ್ಯಾಶಾಸ್ತ್ರಜ್ಞರಲ್ಲಿ ಹಲವರು ಇದನ್ನು ಆಕ್ಷೇಪಿಸಿದ್ದಾರೆ. ನಮಗೂ ಆ ಆಕ್ಷೇಪಣೆ ಸರಿಯೆಂದೇ ತೋರುತ್ತದೆ. ಸರಿತವೆಷ್ಟು ಎಂಬುದನ್ನು ಅಳೆದು ತಿಳಿಯಬೇಕಲ್ಲದೆ ಪುಸ್ತಕದಿಂದ ಎತ್ತಿಕೊಳ್ಳಬಾರದಷ್ಟೆ.

ಈ ಪದ್ಧತಿಯನ್ನು 1986ರಲ್ಲಿ ಆರಂಭಿಸಿದವರು ಅಮೆರಿಕದ ಮೋಟರೋಲಾ ಕಂಪನಿಯವರು; ಅಲ್ಲಿಯ ಎಂಜಿನಿಯರ್ ಬಿಲ್ ಸ್ಮಿತ್ ಇದರ ಮೂಲಪುರುಷ. 1995ರಲ್ಲಿ ಜನರಲ್ ಎಲೆಕ್ಟ್ರಿಕ್ ಕಂಪನಿ ಕೈಹಿಡಿದ ಮೇಲೆ ಲೋಕವೆಲ್ಲ ಇದರ ಹೆಸರು ಹಬ್ಬಿತು. ಬೆಂಗಳೂರಿನ ವಿಪ್ರೋ 1997ರಲ್ಲಿ ಇದನ್ನು ಕೈಗೊಂಡಿತು. ತರಬೇತಾದವರಿಗೆ ನಡುಪಟ್ಟಿಯ ಹೆಸರಿಡುವ ಯೋಚನೆ ಜಪಾನಿನ ಮಲ್ಲಯುದ್ಧಗಳಿಂದ ಬಂದದ್ದು. ಜೂಡೋ ವಿದ್ಯೆಯನ್ನು ಸ್ಥಾಪಿಸಿದ ಜಿಗೊರೊ ಕಾನೊ 1880ರ ದಶಕದಲ್ಲಿ ಪಳಗಿದ ಶಿಷ್ಯರಿಗೆ ಕಪ್ಪು ನಡುಪಟ್ಟಿಯನ್ನು ಕಟ್ಟಿಸಿದನು; ನಡುವಿನ ಬಣ್ಣಗಳು ಅನಂತರ ಯೂರೋಪಿನಲ್ಲಿ ಸೇರಿದವು. ಕನ್ನಡದಲ್ಲಿ ಇದನ್ನು 'ಕಪ್ಪುಪಟ್ಟಿ' ಎಂದು ಕರೆಯಲು ನಮಗೆ ಧೈರ್ಯವಿಲ್ಲ. ನಮ್ಮ ವಿದ್ಯಾರ್ಥಿ ಕಪ್ಪುಪಟ್ಟಿಗೆ ಸೇರಿದನೆಂದರೆ ಊರವರು ಪೊಲೀಸ್ ಠಾಣೆಯ ಕಡೆ ನೋಡಿಯಾರು! ಕಪ್ಪು ನಡುಪಟ್ಟಿ ಎಂದೇ ಇರಲಿ.

ಈ ಮೆಟ್ಟಿಲುಗಳನ್ನು ಮಾತಿನಲ್ಲಿ ವಿವರಿಸುವುದಕ್ಕಿಂತ ಒಂದು ಸಕ್ಕರೆ ಕಾರ್ಖಾನೆಯೊಳಗೆ ನಡೆದು ನೋಡುವುದು ಮೇಲು. ನಮ್ಮ ಐದು ತಾಲ್ಲೂಕುಗಳಲ್ಲಿ ಇದಕ್ಕೇನೂ ಬಡತನವಿಲ್ಲ. ಕಾಗವಾಡ ತಾಲ್ಲೂಕಿನ ಉಗಾರ ಖುರ್ದದ ಕಾರ್ಖಾನೆಯು 1939ರಷ್ಟು ಹಳೆಯದು. ಚಿಕ್ಕೋಡಿ, ರಾಯಬಾಗ, ಅಥಣಿ, ನಿಪ್ಪಾಣಿಗಳಲ್ಲಿ ಅನಂತರ ಬಂದ ಸಹಕಾರಿ ಮತ್ತು ಖಾಸಗಿ ಕಾರ್ಖಾನೆಗಳುಂಟು. ಕೆಳಗೆ ಹೇಳುವುದು ಇವುಗಳಲ್ಲಿ ಯಾವುದೊಂದರ ಕಥೆಯೂ ಅಲ್ಲ. ಎಲ್ಲಿಯಾದರೂ ಹೀಗೆ ನಡೆಯಬಹುದಾದ ಚಿತ್ರ.

ಕಬ್ಬನ್ನು ಅರೆದು ರಸ ತೆಗೆದು, ಸುಣ್ಣದಿಂದಲೂ ಗಂಧಕದ ಹೊಗೆಯಿಂದಲೂ ಅದನ್ನು ತಿಳಿಮಾಡಿ, ಕಾಯಿಸಿ ಗಟ್ಟಿಗೊಳಿಸಿ, ಹರಳುಗಟ್ಟಿಸಿ, ತಿರುಗಣೆಯಲ್ಲಿ ಕಾಕಂಬಿಯನ್ನು ಬೇರ್ಪಡಿಸಿದರೆ ಸಕ್ಕರೆ ಸಿಕ್ಕಿತು. ನೂರು ಟನ್ ಕಬ್ಬಿಗೆ ಎಷ್ಟು ಟನ್ ಸಕ್ಕರೆ ಬಂತೆಂಬುದು ಇಳುವರಿ. ಕಬ್ಬಿನಲ್ಲಿದ್ದ ಸಕ್ಕರೆಯೆಲ್ಲ ಚೀಲಕ್ಕೆ ಬರುವುದಿಲ್ಲ; ಸ್ವಲ್ಪ ಸಿಪ್ಪೆಯಲ್ಲಿ ಉಳಿಯುತ್ತದೆ, ಸ್ವಲ್ಪ ಮಡ್ಡಿಯಲ್ಲಿ, ಹೆಚ್ಚು ಪಾಲು ಕಾಕಂಬಿಯಲ್ಲಿ; ಇನ್ನು ಸ್ವಲ್ಪ ಲೆಕ್ಕಕ್ಕೇ ಸಿಗದೆ ಹೋಗುತ್ತದೆ.

ಬಿಳಿಯ ನಡುಪಟ್ಟಿಯವನಿಗೆ ಈ ವಿದ್ಯೆಯ ಪರಿಚಯ ಮಾತ್ರ. ಕೆಲವು ಗಂಟೆಗಳ ಪಾಠ. ಹಳದಿಯವನು ತಂಡದ ಸದಸ್ಯ. ಅವನ ತರಬೇತಿ ಸಾಮಾನ್ಯವಾಗಿ ಎರಡು ಮೂರು ದಿನ. ಚೀಲ ತುಂಬುವಲ್ಲಿ ಗಂಟೆಗೊಮ್ಮೆ ಐದು ಚೀಲಗಳನ್ನು ತೂಗಿ, ಕಂಡದ್ದನ್ನು ಕಂಡಂತೆ ಬರೆಯುವವನು ಇವನೇ. ಇದನ್ನು ಸಣ್ಣ ಕೆಲಸವೆಂದು ತಿಳಿಯಬಾರದು. ಲೋಲಕದ ಅಂಕಿಯನ್ನು ಅಳಿಸಿ ಬರೆದ ಮೂವರು ವಿದ್ಯಾರ್ಥಿಗಳನ್ನು ನೆನೆಯಿರಿ. ಕೆಳಗಿನ ಮೆಟ್ಟಿಲಲ್ಲಿ ಅಂಕಿ ಕೆಟ್ಟರೆ ಮೇಲಿನ ಮೆಟ್ಟಿಲಿನ ಗಣಿತವೆಲ್ಲ ನೀರಿನಲ್ಲಿ ಹೋಮ.

ಹಸಿರು ನಡುಪಟ್ಟಿಯವನು ತನ್ನ ಎಂದಿನ ಕೆಲಸದ ಜೊತೆಗೆ ಒಂದು ಸಮಸ್ಯೆಯನ್ನು ಕೈಗೆತ್ತಿಕೊಂಡು ಕೊನೆಮುಟ್ಟಿಸಬೇಕು. ಅವನ ದಾರಿಗೆ ಐದು ಹಂತಗಳು: ಸಮಸ್ಯೆ ಯಾವುದೆಂದು ನಿರೂಪಿಸುವುದು, ಅಳೆಯುವುದು, ವಿಶ್ಲೇಷಿಸುವುದು, ಸುಧಾರಿಸುವುದು, ಸುಧಾರಿಸಿದ್ದು ಮತ್ತೆ ಜಾರದಂತೆ ಹಿಡಿತದಲ್ಲಿಡುವುದು. ಹಂಗಾಮಿನಲ್ಲಿ ಕಾರ್ಖಾನೆಯ ಅಂಗಳದಲ್ಲಿ ನಿಲ್ಲುವ ಟ್ರ್ಯಾಕ್ಟರುಗಳ ಸಾಲನ್ನು ನೋಡದವರು ನಮ್ಮಲ್ಲಿ ಯಾರು? ಕಡಿದ ಕಬ್ಬು ಬಿಸಿಲಲ್ಲಿ ನಿಂತಷ್ಟೂ ಅದರ ತೂಕ ಇಳಿಯುತ್ತದೆ, ಒಳಗಿನ ಸಕ್ಕರೆಯೂ ಒಡೆದು ಬೇರೆ ರೂಪ ತಾಳುತ್ತದೆ. ಕಡಿದ ಗಳಿಗೆಯಿಂದ ಅರೆಯುವ ಗಳಿಗೆಯವರೆಗೆ ಎಷ್ಟು ಗಂಟೆ? ಇದು ಹಸಿರು ನಡುಪಟ್ಟಿಗೆ ಹೇಳಿ ಮಾಡಿಸಿದ ಸಮಸ್ಯೆ. ಇನ್ನೂರು ಗಾಡಿಗಳ ಚೀಟಿಗಳಿಂದ ಕಾಲವನ್ನು ಬರೆದುಕೊಂಡರೆ, ವಿಳಂಬವು ಎಲ್ಲ ದಿನಗಳಿಗೂ ಹಂಚಿದೆಯೋ ಕೆಲವೇ ದಿನ ಅಥವಾ ಕೆಲವೇ ಊರುಗಳಿಗೆ ಸೇರಿದೆಯೋ ತಿಳಿಯುತ್ತದೆ. ಎಲ್ಲಕ್ಕೂ ಹಂಚಿದ್ದರೆ ಕಡಿಯುವ ಸರದಿಯನ್ನೇ ಬದಲಿಸಬೇಕು. ಕೆಲವು ದಿನಗಳದ್ದಾದರೆ ಆ ದಿನಗಳಲ್ಲಿ ಏನಾಯಿತೆಂದು ಹುಡುಕಬೇಕು. ಎರಡಕ್ಕೂ ಒಂದೇ ಮದ್ದನ್ನು ಕೊಟ್ಟರೆ ರೋಗ ಹೆಚ್ಚುತ್ತದೆ.

ಕಪ್ಪು ನಡುಪಟ್ಟಿಯವನಿಗೆ ಇದೇ ಪೂರ್ಣಕಾಲದ ಉದ್ಯೋಗ. ಅವನ ತರಬೇತಿ ಒಟ್ಟು ಸುಮಾರು ನಾಲ್ಕು ವಾರ. ಆದರೆ ಅದನ್ನು ನಾಲ್ಕು ತಿಂಗಳಿಗೆ ಹರಡುವುದು ಹಳೆಯ ಕ್ರಮ. ಒಂದು ವಾರ ಕಲಿತು, ಮೂರು ವಾರ ಕಾರ್ಖಾನೆಗೆ ಹೋಗಿ ಅದನ್ನು ತನ್ನ ಸಮಸ್ಯೆಗೆ ಅನ್ವಯಿಸಿ, ಎಡವಿ, ಮತ್ತೆ ಪಾಠಕ್ಕೆ ಬರಬೇಕು. ಒಂದೇ ವಾರದಲ್ಲಿ ಕೊಡುವ ಕಪ್ಪು ನಡುಪಟ್ಟಿಯಲ್ಲಿ ಈ ಎಡವುವ ಮೂರು ವಾರಗಳಿಗೆ ಸ್ಥಳವೆಲ್ಲಿ?

ಅವನ ವಿದ್ಯೆಯಲ್ಲಿ ಬಹು ಸ್ವಾರಸ್ಯವಾದದ್ದು ಪ್ರಯೋಗಗಳ ಯೋಜನೆ. ಸಿಪ್ಪೆಯಲ್ಲಿ ಉಳಿಯುವ ಸಕ್ಕರೆಯನ್ನು ಕಡಿಮೆಮಾಡಬೇಕೆಂದುಕೊಳ್ಳೋಣ. ಅದರ ಮೇಲೆ ಪರಿಣಾಮ ಬೀರುವ ಅಂಶಗಳು ಅನೇಕ: ಅರೆಯುವಾಗ ಚಿಮುಕಿಸುವ ನೀರಿನ ಪ್ರಮಾಣ, ಆ ನೀರಿನ ಬಿಸಿ, ಉರುಳೆಗಳ ಒತ್ತಡ, ಉರುಳೆಗಳ ವೇಗ, ಉರುಳೆಗಳ ನಡುವಣ ಅಂತರ, ಕಬ್ಬನ್ನು ಸೀಳುವ ಕತ್ತಿಗಳ ಹದ, ಕಬ್ಬಿನ ಹಾಸಿನ ದಪ್ಪ. ಏಳು ಅಂಶಗಳು, ಒಂದೊಂದಕ್ಕೂ ಹೆಚ್ಚು, ಕಡಿಮೆ ಎಂಬ ಎರಡೇ ಮಟ್ಟಗಳನ್ನು ಹಿಡಿದರೂ ಎಲ್ಲ ಜೋಡಣೆಗಳನ್ನು ಪರೀಕ್ಷಿಸಲು 128 ಪ್ರಯೋಗಗಳಾದವು. ಪ್ರಯೋಗಕ್ಕೊಂದು ಎಂಟು ಗಂಟೆಯ ಪಾಳಿಯೆಂದರೆ ಸುಮಾರು 43 ದಿನ! ಅಷ್ಟರಲ್ಲಿ ಹಂಗಾಮಿನ ದೊಡ್ಡದೊಂದು ಭಾಗ ಕಳೆದುಹೋಗುತ್ತದೆ. ಕಬ್ಬಿನ ಗುಣವೂ ಬದಲಾಗಿರುತ್ತದೆ. ಆದರೆ ಎಂಟೇ ಪ್ರಯೋಗಗಳ ಒಂದು ಕೋಷ್ಟಕವನ್ನು ರಚಿಸಬಹುದು. ಅದರಲ್ಲಿ ಪ್ರತಿಯೊಂದು ಅಂಶವೂ ನಾಲ್ಕು ಸಲ ಹೆಚ್ಚು, ನಾಲ್ಕು ಸಲ ಕಡಿಮೆ ಇರುತ್ತದೆ. ಒಂದು ಅಂಶ ಹೆಚ್ಚಾಗಿರುವ ಆ ನಾಲ್ಕರಲ್ಲಿ ಉಳಿದ ಪ್ರತಿಯೊಂದು ಅಂಶವೂ ಎರಡು ಸಲ ಹೆಚ್ಚು, ಎರಡು ಸಲ ಕಡಿಮೆ. ಹೀಗೆ ಸಮತೂಕವಾಗಿ ಹಂಚಿದುದರಿಂದ ಏಳು ಅಂಶಗಳ ಪ್ರಭಾವವನ್ನೂ ಬೇರೆಬೇರೆಯಾಗಿ ಲೆಕ್ಕಹಾಕಬಹುದು. ಮೂರು ದಿನದೊಳಗೆ ಕೆಲಸ ಮುಗಿಯಿತು. ಎರಡು ಅಂಶಗಳು ಕೂಡಿದಾಗ ಮಾತ್ರ ಹುಟ್ಟುವ ಪರಿಣಾಮವಿದ್ದರೆ ಇಷ್ಟು ಚಿಕ್ಕ ಕೋಷ್ಟಕವು ಮೋಸಮಾಡಲೂಬಹುದು. ಎಲ್ಲಿ ಮೋಸಹೋಗಬಹುದೆಂದು ಅರಿತವನೇ ಕಪ್ಪು ನಡುಪಟ್ಟಿಗೆ ಯೋಗ್ಯ.

ಇಂತಹ ಕೋಷ್ಟಕಗಳಿಗೆ ಲಂಬ ವಿನ್ಯಾಸಗಳೆಂದು ಹೇಳಬಹುದು. ಇವುಗಳ ಸಾಮಾನ್ಯ ಸಿದ್ಧಾಂತವನ್ನು 1940ರ ದಶಕದಲ್ಲಿ ರೂಪಿಸಿದವರು ಸಿ. ಆರ್. ರಾವ್. ಅವರು ಹುಟ್ಟಿದ್ದು 1920ರಲ್ಲಿ, ನಮ್ಮ ಹೂವಿನ ಹಡಗಲಿಯಲ್ಲಿ! ಕಲ್ಕತ್ತೆಯ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯಲ್ಲಿ ದೀರ್ಘಕಾಲ ಕೆಲಸಮಾಡಿ ಜಗತ್ಪ್ರಸಿದ್ಧರಾಗಿ 2023ರಲ್ಲಿ, ನೂರೆರಡನೆಯ ವಯಸ್ಸಿನಲ್ಲಿ ತೀರಿಕೊಂಡರು. ಆ ಸಂಸ್ಥೆಯನ್ನು ಕಟ್ಟಿದ ಮಹಾಲನಬೀಸರು ಭೌತಶಾಸ್ತ್ರದ ಅಧ್ಯಾಪಕರಾಗಿದ್ದವರು. ಅವರ ಆಹ್ವಾನದ ಮೇರೆಗೆ ಶೂಹಾರ್ಟನು 1947-48ರಲ್ಲಿ ಭಾರತಕ್ಕೆ ಬಂದನು. ಜಪಾನಿನ ಗೆನಿಚಿ ತಾಗುಚಿ 1954-55ರಲ್ಲಿ ಅದೇ ಸಂಸ್ಥೆಯಲ್ಲಿದ್ದನು. ಮುಂದೆ ತಾಗುಚಿಯು ಲಂಬ ವಿನ್ಯಾಸಗಳನ್ನು ಜಪಾನಿನ ಕಾರ್ಖಾನೆಗಳಲ್ಲಿ ಬಳಕೆಗೆ ತಂದು ಕೀರ್ತಿವಂತನಾದನು. ವಿದೇಶದ ಬಣ್ಣ ಹಚ್ಚಿಕೊಂಡು ನಮ್ಮ ಬಾಗಿಲಿಗೆ ಬರುವ ಈ ವಿದ್ಯೆಯ ಒಂದು ಬೇರು ತುಂಗಭದ್ರೆಯ ಸೀಮೆಯಲ್ಲಿದೆ ಎಂಬುದನ್ನು ವಿದ್ಯಾರ್ಥಿಗಳಿಗೆ ಹೇಳುವವರೇ ಇಲ್ಲವಾಗಿದ್ದಾರೆ.

ಕಪ್ಪು ನಡುಪಟ್ಟಿಯವರಿಗೆ ಕಲಿಸುವವನು, ಯಾವ ಸಮಸ್ಯೆಯನ್ನು ಎತ್ತಿಕೊಳ್ಳಬೇಕೆಂದು ಆಡಳಿತಕ್ಕೆ ಸಲಹೆ ಕೊಡುವವನು ಇನ್ನೂ ಮೇಲಿನ 'ಮಾಸ್ಟರ್ ಬ್ಲ್ಯಾಕ್ ಬೆಲ್ಟ್'. ಇವರೆಲ್ಲರಿಗೆ ಹಣವನ್ನೂ ಅಧಿಕಾರವನ್ನೂ ಒದಗಿಸುವ ಮೇಲಧಿಕಾರಿಯನ್ನು 'ಚಾಂಪಿಯನ್' ಎನ್ನುವರು, ಅವನಿಗೆ ಬಣ್ಣವಿಲ್ಲ.

ಎಲ್ಲ ಕಸುಬಿಗೂ ಈ ಮೆಟ್ಟಿಲುಗಳು ಬೇಕೆಂದು ನಮ್ಮ ಅಭಿಪ್ರಾಯವಲ್ಲ. ಅಥಣಿಯ ಚಮ್ಮಾರರು ಮಾಡುವ ಚಪ್ಪಲಿಗೆ, ಕೊಲ್ಹಾಪುರಿ ಎಂಬ ಹೆಸರಿನಲ್ಲಿ, 2019ರಲ್ಲಿ ಕರ್ನಾಟಕ ಮಹಾರಾಷ್ಟ್ರಗಳ ಎಂಟು ಜಿಲ್ಲೆಗಳಿಗೆ ಸೇರಿದಂತೆ ಭೌಗೋಳಿಕ ಗುರುತು ದೊರೆಯಿತು. ಅಲ್ಲಿ ಒಂದು ಜೋಡಿಯಂತೆ ಇನ್ನೊಂದು ಜೋಡಿ ಇಲ್ಲದಿರುವುದೇ ಸೊಗಸು. ಎಡಗಾಲಿನದೂ ಬಲಗಾಲಿನದೂ ಹೊಂದಿದರೆ ಸಾಕು.

ಈಗ ಪ್ರಮಾಣಪತ್ರದ ಮಾತು. ಇದನ್ನು ಕೊಡುವ ಅಧಿಕಾರ ಯಾರಿಗೆ? ಜಗತ್ತಿಗೆಲ್ಲ ಒಂದೇ ಆದ ಅಧಿಕಾರಸ್ಥಾನ ಯಾವುದೂ ಇಲ್ಲ. ಮುದ್ರಣಯಂತ್ರವಿದ್ದವರು ಯಾರು ಬೇಕಾದರೂ ಕಪ್ಪು ನಡುಪಟ್ಟಿಯನ್ನು ದಯಪಾಲಿಸಬಹುದು. ಆದರೆ ಎಲ್ಲ ಪತ್ರಗಳೂ ಸಮವಲ್ಲ. ಗುಣಮಟ್ಟಕ್ಕಾಗಿಯೇ ಇರುವ ಅಮೆರಿಕದ ಎ. ಎಸ್. ಕ್ಯು. ಎಂಬ ಸಂಘವು ಕಪ್ಪು ನಡುಪಟ್ಟಿಯ ಪರೀಕ್ಷೆಗೆ ಕೂರುವವನು ಎರಡು ಸುಧಾರಣಾ ಕಾರ್ಯಗಳನ್ನು ಮುಗಿಸಿರಬೇಕೆಂದು, ಅಥವಾ ಒಂದನ್ನು ಮುಗಿಸಿ ಮೂರು ವರ್ಷ ಕೆಲಸಮಾಡಿರಬೇಕೆಂದು ಕೇಳುತ್ತದೆ. ಕಾರ್ಯ ನಡೆದುದಕ್ಕೆ ಸಹಿಮಾಡಿದ ಹೇಳಿಕೆ ಬೇಕು. ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯ ಗುಣನಿಯಂತ್ರಣ ವಿಭಾಗವೂ ಹಸಿರು, ಕಪ್ಪು ನಡುಪಟ್ಟಿಗಳ ಶಿಕ್ಷಣ ನೀಡುತ್ತದೆ. ಬೆಂಗಳೂರಿನಲ್ಲಿ ಅದರ ಶಾಖೆಯುಂಟು. ಹಸಿರು, ಕಪ್ಪು ಮತ್ತು ಮಾಸ್ಟರ್ ಮಟ್ಟದವರಿಗೆ ಯಾವ ಯಾವ ಸಾಮರ್ಥ್ಯವಿರಬೇಕೆಂಬುದನ್ನು 2015ರಲ್ಲಿ ಪ್ರಕಟವಾದ ಐ.ಎಸ್.ಒ. 18404 ಎಂಬ ಅಂತರರಾಷ್ಟ್ರೀಯ ಮಾನಕವು ವಿವರಿಸಿದೆ.

ಹೆಸರುಗಳ ಗೊಂದಲವೂ ವಿದ್ಯಾರ್ಥಿಗಳನ್ನು ಕಾಡುತ್ತದೆ. ಸಂಖ್ಯಾಶಾಸ್ತ್ರ ಸಂಸ್ಥೆಯ ಇಂಗ್ಲಿಷ್ ಮೊದಲಕ್ಷರಗಳು ಐ.ಎಸ್.ಐ.; ಸಿಮೆಂಟಿನ ಚೀಲದ ಮೇಲೆ ಕಾಣುವ ಗುರುತೂ ಐ.ಎಸ್.ಐ. ಇವೆರಡಕ್ಕೂ ಸಂಬಂಧವಿಲ್ಲ, ಎರಡನೆಯದು ಭಾರತೀಯ ಮಾನಕಗಳ ಸಂಸ್ಥೆಯದು. ಇನ್ನು ಐ.ಎಸ್.ಒ. 9001 ಎಂಬುದು ಸಂಸ್ಥೆಗೆ ಸಲ್ಲುವ ಪ್ರಮಾಣವೇ ಹೊರತು ವ್ಯಕ್ತಿಗೆ ಸಲ್ಲುವುದಲ್ಲ. ಅದನ್ನು ಕೊಡುವುದೂ ಐ.ಎಸ್.ಒ. ಅಲ್ಲ, ಬೇರೆ ಪರಿಶೋಧಕ ಸಂಸ್ಥೆಗಳು. ತಮ್ಮ ಪತ್ರಕ್ಕೆ 'ಐ.ಎಸ್.ಒ. ಮಾನ್ಯತೆ'ಯಿದೆ ಎಂದು ಹೇಳುವ ತರಬೇತಿದಾರರು ಬಹುವೇಳೆ ತಮ್ಮ ಕಚೇರಿಗೆ ಸಂದ ಪ್ರಮಾಣವನ್ನೇ ನಿಮಗೆ ತೋರಿಸುತ್ತಿರುತ್ತಾರೆ.

ಹದಿನೆಂಟು ಸಾವಿರ ರೂಪಾಯಿ ಎಂದರೇನು ಎಂಬುದನ್ನು ಆ ಹುಡುಗನೊಡನೆ ಕುಳಿತು ಕಬ್ಬಿನ ಲೆಕ್ಕದಲ್ಲಿ ನೋಡಿದೆವು. 2025-26ರ ಹಂಗಾಮಿಗೆ ಕೇಂದ್ರ ಸರ್ಕಾರವು ನಿಗದಿಮಾಡಿದ ನ್ಯಾಯಸಮ್ಮತ ದರವು 10.25ರ ಇಳುವರಿಗೆ ಕ್ವಿಂಟಲಿಗೆ 355 ರೂಪಾಯಿ. ಅದರ ಮೇಲೆ ಇಳುವರಿಯ ಪ್ರತಿ 0.1ಕ್ಕೆ 3 ರೂಪಾಯಿ 46 ಪೈಸೆ ಹೆಚ್ಚು. ಎಂದರೆ ಟನ್ನಿಗೆ 34 ರೂಪಾಯಿ 60 ಪೈಸೆ. ಮೂರು ಎಕರೆಯಲ್ಲಿ 120 ಟನ್ ಬೆಳೆದರೆ, ಇಳುವರಿಯ ದಶಾಂಶದ ಒಂದು ಮನೆ ಆಚೆ ಈಚೆ ಆದುದರಿಂದ 4,152 ರೂಪಾಯಿ ಆಚೆ ಈಚೆ ಆಗುತ್ತದೆ. ಹುಡುಗ ಹಳದಿ ನಡುಪಟ್ಟಿಗೆ ಕೊಟ್ಟ ಹಣವೂ ಹೆಚ್ಚುಕಡಿಮೆ ಅಷ್ಟೆ!

ಅಷ್ಟು ಹಣವನ್ನು ಹೊತ್ತ ಆ 0.1 ಎಷ್ಟು ಸೂಕ್ಷ್ಮವೆಂಬುದನ್ನು ಭೌತಶಾಸ್ತ್ರದವರಾದ ನಾವು ಹೇಳಬಲ್ಲೆವು. ಸಕ್ಕರೆಯ ದ್ರಾವಣವು ಧ್ರುವೀಕೃತ ಬೆಳಕಿನ ತಲವನ್ನು ತಿರುಗಿಸುತ್ತದಷ್ಟೆ. 26 ಗ್ರಾಮ್ ಶುದ್ಧ ಸಕ್ಕರೆಯನ್ನು 100 ಮಿಲಿಲೀಟರ್ ದ್ರಾವಣ ಮಾಡಿ 20 ಸೆಂಟಿಮೀಟರ್ ನಳಿಗೆಯಲ್ಲಿ ನೋಡಿದರೆ, ಸೋಡಿಯಂ ದೀಪದ ಹಳದಿ ಬೆಳಕು ಸುಮಾರು 34.6 ಅಂಶ ತಿರುಗುತ್ತದೆ. ಇದನ್ನೇ ನೂರು ಭಾಗ ಮಾಡಿ ಕಾರ್ಖಾನೆಯ ಪ್ರಯೋಗಶಾಲೆಗಳು ರಸದ, ಸಿಪ್ಪೆಯ, ಕಾಕಂಬಿಯ ಸಕ್ಕರೆಯನ್ನು ಅಳೆದು ನಷ್ಟದ ಲೆಕ್ಕ ಇಡುತ್ತವೆ. ಆ ಮಾಪಕದ 0.1 ಎಂದರೆ ಒಂದು ಅಂಶದ ಮೂವತ್ತರಲ್ಲೊಂದು ಪಾಲು. ನಳಿಗೆಯ ಗಾಜಿನ ಮೇಲೊಂದು ಬೆರಳ ಗುರುತು, ಎರಡು ಡಿಗ್ರಿ ಹೆಚ್ಚು ಸೆಕೆ, ತೂಗುವಾಗ ಒಂದು ಹನಿಯ ವ್ಯತ್ಯಾಸ ಇವುಗಳನ್ನು ಅಲಕ್ಷಿಸಿದರೆ ಅಳತೆ ಅಷ್ಟು ಕದಲಬಹುದು.

2025ರ ನವೆಂಬರಿನಲ್ಲಿ ಬೆಳಗಾವಿ ಜಿಲ್ಲೆಯ ಗುರ್ಲಾಪುರದಲ್ಲಿ ಕಬ್ಬು ಬೆಳೆಗಾರರು ಟನ್ನಿಗೆ 3,500 ರೂಪಾಯಿ ಕೇಳಿ ದಿನಗಟ್ಟಲೆ ರಸ್ತೆಯಲ್ಲಿ ಕುಳಿತದ್ದನ್ನು ಓದುಗರು ಬಲ್ಲರು. ದರದ ಜಗಳದ ಹಿಂದೆ ಅಳತೆಯ ಮೇಲಿನ ಅಪನಂಬಿಕೆಯೂ ಹಳೆಯದಾಗಿ ಇದ್ದೇ ಇದೆ: ಕಾಟಾ ಸರಿಯಿದೆಯೆ? ಇಳುವರಿಯನ್ನು ಸರಿಯಾಗಿ ಬರೆಯುತ್ತಾರೆಯೆ? ಯಾವ ಕಾರ್ಖಾನೆಯ ಮೇಲೂ ನಾವು ಇಲ್ಲಿ ಬೆರಳು ತೋರಿಸುತ್ತಿಲ್ಲ. ಆದರೆ ಹಸಿರು ನಡುಪಟ್ಟಿಯ ಪಾಠದಲ್ಲಿ ಎರಡನೆಯ ಹಂತವೇ ಇದಕ್ಕೆ ಮೀಸಲು. ಪ್ರಕ್ರಿಯೆಯನ್ನು ಅಳೆಯುವ ಮೊದಲು ಅಳತೆಯನ್ನೇ ಅಳೆಯಬೇಕು. ಹತ್ತು ಗಾಡಿಗಳನ್ನು, ಮೂವರು ತೂಗುವವರು, ಹಿಂದಿನ ಅಂಕಿ ನೋಡದೆ, ಎರಡೆರಡು ಸಲ ತೂಗಲಿ. ಒಬ್ಬನೇ ಎರಡು ಸಲ ತೂಗಿದಾಗ ಬರುವ ವ್ಯತ್ಯಾಸವೆಷ್ಟು, ಕೈ ಬದಲಾದಾಗ ಬರುವುದೆಷ್ಟು, ಗಾಡಿಗಳ ನಡುವಣ ನಿಜವಾದ ವ್ಯತ್ಯಾಸವೆಷ್ಟು ಎಂಬುದನ್ನು ಬೇರೆಬೇರೆಯಾಗಿ ಬಿಡಿಸಬಹುದು. ಕಾಟಾ ಒಂದೇ ಕಡೆಗೆ ವಾಲಿದ್ದರೆ ಇಷ್ಟರಿಂದ ಕಾಣದು, ನಮ್ಮ ಕೆಟ್ಟ ಗಡಿಯಾರದಂತೆ. ಅದಕ್ಕೆ ಪರೀಕ್ಷಿತವಾದ ತೂಕದ ಕಲ್ಲುಗಳನ್ನು ಇಟ್ಟು ನೋಡಬೇಕು. ಈ ಅರವತ್ತು ತೂಕಗಳಿಗೆ ಅರ್ಧ ದಿನ ಸಾಕು. ಊರಿನ ಹತ್ತು ರೈತರ ಮುಂದೆ ಇದನ್ನು ಮಾಡಿ ಅಂಕಿಗಳನ್ನು ಹಲಗೆಯ ಮೇಲೆ ಬರೆದಿಟ್ಟರೆ, ಜಗಳ ಮುಗಿಯದಿದ್ದರೂ ಯಾವುದರ ಬಗ್ಗೆ ಜಗಳವೆಂಬುದಾದರೂ ಸ್ಪಷ್ಟವಾದೀತು.

ಹುಡುಗನಿಗೆ ಹಣ ಕಟ್ಟಬೇಡವೆಂದು ನಾವು ಹೇಳಲಿಲ್ಲ. ಆ ಸಂಸ್ಥೆಯವರನ್ನು ಮೂರು ಪ್ರಶ್ನೆ ಕೇಳಿ ಬಾ ಎಂದೆವು: ನಾನು ಯಾವ ಸಮಸ್ಯೆಯ ಮೇಲೆ ಕೆಲಸ ಮಾಡಬೇಕು? ನನ್ನ ಅಂಕಿಗಳನ್ನು ಯಾರು ಪರೀಕ್ಷಿಸುತ್ತಾರೆ? ಹಿಂದೆ ಕಲಿತವರ ಒಂದು ವರದಿಯನ್ನು ತೋರಿಸುವಿರಾ? ಒಂದು ವಾರ ಬಿಟ್ಟು ಬಂದನು. "ಮೊದಲ ಎರಡಕ್ಕ ಫೀ ಕಟ್ಟಿದ ಮ್ಯಾಲೆ ಹೇಳ್ತೀವಿ ಅಂದ್ರು ಸರ್. ಮೂರನೇದಕ್ಕ ಫೋನ್ ಇಟ್ಟಬಿಟ್ರು" ಎಂದನು.

ಅನಂತರ ಅವನೇ ಒಂದು ಕೆಲಸ ಹಚ್ಚಿಕೊಂಡನು. ಅವನ ಸೋದರಮಾವನದು ಬೆಲ್ಲದ ಗಾಣ. ಒಂದು ಕಿಲೋಗ್ರಾಮಿನ ಪೆಂಟೆಗಳಲ್ಲಿ ಕೆಲವು ಹೆಚ್ಚು ತೂಗುತ್ತವೆಂದು ಮಾವನ ಗೋಳು. ಹೆಚ್ಚು ತೂಗಿದ್ದು ಪುಕ್ಕಟೆ ಹೋದಂತೆಯೇ. ಹುಡುಗ ಪ್ರತಿ ಕೊಪ್ಪರಿಗೆಯಿಂದ ಒಂದು ಪೆಂಟೆಯನ್ನು ತೂಗಿ, ಪಾಕವನ್ನು ಇಳಿಸಿದಾಗಿನ ಉಷ್ಣತೆಯನ್ನೂ ಬರೆದುಕೊಂಡು ಬಂದನು. ಇಪ್ಪತ್ತೈದು ಕೊಪ್ಪರಿಗೆಗಳ ಲೆಕ್ಕ ಅವನ ನೋಟುಪುಸ್ತಕದಲ್ಲಿತ್ತು. ಸರಾಸರಿ 1,012 ಗ್ರಾಮ್. ಸಿಗ್ಮಾ 9 ಗ್ರಾಮ್. ಮೇರೆಗಳು 985 ಮತ್ತು 1,039. ನಕ್ಷೆಯ ಮೇಲೆ ಇಪ್ಪತ್ತನಾಲ್ಕು ಚುಕ್ಕೆಗಳು ಒಳಗೆ ಬಿದ್ದವು, ಹದಿನೇಳನೆಯದು 1,046. ಆ ಕೊಪ್ಪರಿಗೆಯನ್ನು ಇಳಿಸಿದ್ದು 118 ಡಿಗ್ರಿಗೇ, ಉಳಿದವುಗಳಂತೆ. ಪಾಕದ ತಪ್ಪಲ್ಲ. ಅಂದು ಹಳೆಯ ಅಚ್ಚುಗಳ ಜೊತೆ ಪೇಟೆಯಿಂದ ತಂದ ಹೊಸ ಅಚ್ಚುಗಳೂ ಸೇರಿದ್ದುವೆಂದು ಮಾವನಿಗೆ ನೆನಪು. ಅಚ್ಚುಗಳಿಗೆ ನೀರು ತುಂಬಿ ಅಳೆದು ನೋಡಬೇಕೆಂದು ಹೇಳಿ, ನಮ್ಮ ಪ್ರಯೋಗಶಾಲೆಯ ಒಂದು ಅಳತೆಯ ಜಾಡಿಯನ್ನು ಚೀಟಿ ಬರೆದುಕೊಟ್ಟು ತೆಗೆದುಕೊಂಡು ಹೋಗಿದ್ದಾನೆ.